ಭಾವ ಕಟ್ಟಿದ ಡೆಕ್

ನಮ್ಮ ಭಾವ ಇವತ್ತಿನವರೆಗೆ ಒಂದೇ ಒಂದು ಕೆಲಸವನ್ನೂ ಕೆಡಿಸಿದವರಲ್ಲ. ಕೆಲಸ ಕೆಟ್ಟಿತು ಅನ್ನಬೇಕಾದರೆ ಮೊದಲು ಅದು ಮುಗಿದಿರಬೇಕಲ್ಲ!

ಇದನ್ನು ನಾನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅವರ ಮನೆಗೆ ದಾರಿ ಕೇಳಿ ನೋಡಿ. ಆಟೋದವರು 'ಎರಡು ಬಣ್ಣದ ಗೇಟಿನ ಮನೆಯಾ?' ಅನ್ನುತ್ತಾರೆ. ಗೇಟಿನ ಒಂದು ರೆಕ್ಕೆ ಹಸಿರು, ಇನ್ನೊಂದು ತುಕ್ಕಿನದೇ ಸ್ವಂತ ಬಣ್ಣ. ಹಸಿರು ಬಳಿಯುತ್ತಿದ್ದಾಗ ಊಟಕ್ಕೆಂದು ಎದ್ದ ಭಾವ ಆ ಊಟ ಮುಗಿಸಿ ಇನ್ನೂ ಗೇಟಿನ ಕಡೆ ಬಂದಿಲ್ಲ. ಒಳಗೆ ಹೋದರೆ ಹಲಗೆಗಳೇ ಇಲ್ಲದ ಪುಸ್ತಕದ ಕಪಾಟು. ಗೋಡೆಯ ಮೇಲೆ ಅವರೇ ಬಿಚ್ಚಿ ರಿಪೇರಿ ಮಾಡಿದ ಗಡಿಯಾರ. ಅದಕ್ಕೆ ಗಂಟೆಯ ಮುಳ್ಳು ಮಾತ್ರ ಇದೆ. ಇದೇನು ಭಾವ ಎಂದು ಕೇಳಿದ್ದಕ್ಕೆ, "ಗಂಟೆ ಗೊತ್ತಾದರೆ ಸಾಕು. ನಿಮಿಷ ಇಟ್ಕೊಂಡು ಎಂತ ಮಾಡ್ತಿ ಮಾರಾಯ?" ಅಂದಿದ್ದರು. ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯೇ?

ಭಾವ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಈಗ ನಿವೃತ್ತರು. ಬೋರ್ಡಿನ ಮೇಲೆ ಆನೆ ಬರೆಯಲು ಶುರು ಮಾಡಿದರೆ ಸೊಂಡಿಲಿನ ಸುಕ್ಕುಗಳನ್ನು ಒಂದೊಂದಾಗಿ ತೀಡುತ್ತಾ ಹೋಗಿ, ಹೊಟ್ಟೆಯ ಹತ್ತಿರ ಬರುವ ಹೊತ್ತಿಗೆ ಬೆಲ್ ಹೊಡೆಯುತ್ತಿತ್ತು. ಆನೆಗೆ ಹಿಂಗಾಲೂ ಇರುತ್ತದೆಂದು ಅವರ ಶಿಷ್ಯರಿಗೆ ತಿಳಿದದ್ದು ಶಾಲೆ ಬಿಟ್ಟ ಮೇಲೆಯೇ ಎಂದು ಊರಿನಲ್ಲಿ ಹೇಳುತ್ತಾರೆ. ಆದರೆ ಆ ಸೊಂಡಿಲನ್ನು ಮರೆತವರು ಯಾರೂ ಇಲ್ಲ.

ಇಂಥವರ ಜೊತೆ ನಮ್ಮಕ್ಕ ಇಷ್ಟು ವರ್ಷ ಜಗಳವಾಡದೆ ಸಂಸಾರ ಮಾಡಿದಳು. ಅವಳ ಸಮಾಧಾನದ ಗುಟ್ಟು ಮನೆಯ ಹಿಂದುಗಡೆ ಇತ್ತು. ಅಲ್ಲಿ ಕಾಂಕ್ರೀಟು ಹಾಕಿದ ಒಂದು ಅಂಗಳ, ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲು, ಕಾಂಪೌಂಡಿನ ಉದ್ದಕ್ಕೂ ಡೇಲಿಯಾ ಕುಂಡಗಳು. ಅಕ್ಕನ ಡೇಲಿಯಾ ಅಂದರೆ ಸಾಮಾನ್ಯದ್ದಲ್ಲ. ಗೆಡ್ಡೆ ಕೇಳಿಕೊಂಡು ಹರಿಹರಪುರದಿಂದೆಲ್ಲ ಹೆಂಗಸರು ಬರುತ್ತಿದ್ದರು. ಭಾವ ಒಳಗೆ ಅರ್ಧ ಮಾಡಿ ಬಿಟ್ಟದ್ದನ್ನೆಲ್ಲ ಅಕ್ಕ ಹಿತ್ತಲಿಗೆ ಹೋಗಿ ಮರೆಯುತ್ತಿದ್ದಳು.

ನಮ್ಮ ಕಡೆ ಮಳೆಗಾಲದಲ್ಲಿ ಸಿಮೆಂಟಿಗೆ ಪಾಚಿ ಕಟ್ಟುವುದು ಹೊಸದಲ್ಲ. ಒಂದು ವರ್ಷ ಆಷಾಢದಲ್ಲಿ ಅಂಗಳ ತಿಕ್ಕಿಕೊಡಿ ಎಂದು ಅಕ್ಕ ಭಾವನಿಗೆ ಹೇಳಿದಳು. ಭಾವ ಬ್ಲೀಚಿಂಗ್ ಪೌಡರ್ ಹಾಕಿ, ಕಡ್ಡಿಪೊರಕೆ ಹಿಡಿದು, ಚಿತ್ರಕ್ಕೆ ಶೇಡ್ ಕೊಟ್ಟ ಹಾಗೆ ಒಂದೇ ದಿಕ್ಕಿನಲ್ಲಿ ತಿಕ್ಕುತ್ತಾ ಬಂದರು. ಅರ್ಧ ಅಂಗಳ ಹಾಲಿನ ಹಾಗೆ ಬೆಳ್ಳಗಾಯಿತು. ಅಷ್ಟರಲ್ಲಿ ಯಾರದೋ ಫೋನು ಬಂತು.

ಅಕ್ಕ ಬಿದ್ದದ್ದು ಉಳಿದ ಅರ್ಧದಲ್ಲಿ.

ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಬಂದದ್ದಾಯಿತು. ಮರುದಿನ ಬೆಳಿಗ್ಗೆ ಭಾವ ಉಳಿದರ್ಧ ಅಂಗಳವನ್ನು ತಿಕ್ಕುತ್ತಿದ್ದುದನ್ನು ನಾನೇ ನೋಡಿದೆ. ಎಷ್ಟು ತಿಕ್ಕಿದ್ದರು ಅಂದರೆ ಪಾಚಿ ಹೋಗಿ, ಸಿಮೆಂಟು ಹೋಗಿ, ಜಲ್ಲಿಕಲ್ಲು ಕಾಣುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದರು. ಕೈ ಸರಿಯಾಯಿತು. ಆದರೆ ಅಕ್ಕ ಹಿತ್ತಲಿಗೆ ಹೋಗುವುದನ್ನು ಬಿಟ್ಟಳು. ಹೆದರಿಕೆ ಎಂದು ಅವಳ ಬಾಯಲ್ಲಿ ಬರಲಿಲ್ಲ. 'ಅಲ್ಲಿ ಈಗ ನನಗೆಂತ ಕೆಲಸ ಇದೆ' ಅನ್ನುತ್ತಿದ್ದಳು. ಬಟ್ಟೆಯನ್ನು ಮುಂದಿನ ವರಾಂಡದಲ್ಲಿ ಒಣಗಿಸುವುದು ಶುರುವಾಯಿತು. ಡೇಲಿಯಾಗಳ ಆಡಳಿತ ಅಡುಗೆಮನೆಯ ಕಿಟಕಿಯಿಂದ ನಡೆಯಿತು. ಅವಳು ಸರಳು ಹಿಡಿದು ನಿಂತು ಯಾವ ಕುಂಡದ ಕಳೆ ಕೀಳಬೇಕೆಂದು ಹೇಳುವುದು, ಭಾವ ಕಳೆಯನ್ನು ಜೋಪಾನವಾಗಿ ಉಳಿಸಿ ಡೇಲಿಯಾ ಕೀಳುವುದು.

ಒಂದು ದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹತ್ತಿರದ ನನ್ನ ಜೆರಾಕ್ಸ್ ಅಂಗಡಿಗೆ ಅಕ್ಕನ ಫೋನು ಬಂತು. ಭಾವ ಮನೆಯಲ್ಲಿಲ್ಲ, ಬೇಗ ಬಾ ಅಂದಳು. ಗಾಬರಿಯಾಗಿ ಶಟರ್ ಎಳೆದು ಓಡಿದೆ. ವರಾಂಡದಲ್ಲಿ ಜಾಗ ಸಾಲದೆ ಮಾಳಿಗೆಯ ಮೇಲೆ ಒಣಹಾಕಿದ್ದ ಅವಳ ಸೀರೆ ಗಾಳಿಗೆ ಹಾರಿ ಹಿತ್ತಲಿಗೆ ಬಿದ್ದಿತ್ತು, ಅಷ್ಟೇ. ಹಿಂಬಾಗಿಲಿನಿಂದ ಕೂಗಳತೆಯೂ ಬೇಡ, ಪಿಸುಗುಟ್ಟಿದರೆ ಕೇಳುವಷ್ಟು ದೂರದಲ್ಲಿ. ಹೊಸ್ತಿಲ ಆಚೆ ಅಕ್ಕನ ಒಂದೇ ಒಂದು ಒದ್ದೆ ಹೆಜ್ಜೆಯ ಗುರುತಿತ್ತು. ಇಟ್ಟು, ವಾಪಸ್ ತೆಗೆದುಕೊಂಡಿದ್ದಳು. ಸೀರೆ ಎತ್ತಿಕೊಟ್ಟೆ. 'ಅಂಗಡಿ ಬಿಟ್ಟು ಬಂದ್ಯಾ, ಪಾಪ' ಎಂದು ಮಜ್ಜಿಗೆ ಕೊಟ್ಟಳು. ಇಬ್ಬರೂ ಬೇರೆ ವಿಷಯ ಮಾತಾಡಿದೆವು.

ಆ ಸಂಜೆ ಇದನ್ನು ಭಾವನಿಗೆ ಹೇಳಿದೆ. ಕೇಳಿಸಿಕೊಂಡು, ಹಿಂಬಾಗಿಲಿನ ತನಕ ಹೋಗಿ ನೋಡಿ ಬಂದರು.

ಮಳೆ ಕಡಿಮೆಯಾದ ಮೇಲೆ ಶೃಂಗೇರಿ ಕಡೆ ಒಂದು ಉಪನಯನಕ್ಕೆ ನಾನೂ ಭಾವನೂ ಹೋಗಿದ್ದೆವು. ಅತಿಥಿಗಳು ಜಾಸ್ತಿಯಾಗಿ ನಮ್ಮನ್ನು ಹತ್ತಿರದ ಒಂದು ಹೋಂಸ್ಟೇಯಲ್ಲಿ ಇಳಿಸಿದ್ದರು. ಅದರ ಹಿಂದೆ ಸಿಮೆಂಟಿನ ಅಂಗಳದ ಮೇಲೆ ಮರದ ಹಲಗೆ ಹಾಸಿ ಎತ್ತರ ಮಾಡಿದ ಜಾಗವೊಂದಿತ್ತು. ಆಗತಾನೇ ಒಂದು ಮಳೆ ಬಂದು ಹೋಗಿದ್ದರೂ ಹಲಗೆಯ ಮೇಲೆ ನೀರು ನಿಂತಿರಲಿಲ್ಲ. ಸಂದಿಗಳಿಂದ ಕೆಳಗಿಳಿದು ಹೋಗಿತ್ತು. ಭಾವ ಪಂಚೆ ಮೇಲಕ್ಕೆ ಕಟ್ಟಿ, ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ, ಮೊಬೈಲ್ ಟಾರ್ಚ್ ಬಿಟ್ಟು ಹಲಗೆಯ ಅಡಿಗೆ ನೋಡತೊಡಗಿದರು. ಪಕ್ಕದಲ್ಲಿ ಬೆಂಗಳೂರಿನ ಎರಡು ಸಂಸಾರಗಳು ಕಾಫಿ ಕುಡಿಯುತ್ತಿದ್ದವು. ಮ್ಯಾನೇಜರ್ ಓಡಿಬಂದು ಏನಾದರೂ ಕಳಕೊಂಡಿದ್ದೀರಾ ಸಾರ್ ಎಂದು ಕೇಳಿದ. ಕಳಕೊಂಡಿಲ್ಲ, ಸಿಕ್ಕಿತು ಎಂದು ಭಾವ ಮಲಗಿದಲ್ಲಿಂದಲೇ ಹೇಳಿದರು. ನಾನು ಅವರ ಪರಿಚಯವಿಲ್ಲದವನ ಹಾಗೆ ಗುಡ್ಡ ನೋಡುತ್ತಾ ನಿಂತೆ.

ಮನೆಗೆ ಬಂದವರೇ ಹಿತ್ತಲಿಗೆ ಡೆಕ್ ಕಟ್ಟುತ್ತೇನೆ, ಇನ್ನು ಸಿಮೆಂಟೇ ಕಾಣಿಸುವುದಿಲ್ಲ ಎಂದು ಘೋಷಿಸಿದರು. ಅಕ್ಕ ಬೇಳೆ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಡೆಕ್ ಅಂದ್ರೆ ಹಡಗಿನಲ್ಲಿ ಇರೋದಲ್ವಾ? ನಮ್ಮನೆ ಯಾವಾಗ ತೇಲೋಕೆ ಶುರುವಾಯ್ತು?" ಅಂದಳು.

ಮೊದಲು ಪ್ಲಾನ್. ಅದಕ್ಕೆ ಎಷ್ಟು ದಿನ ಹಿಡಿಯಿತು ಎಂದು ಕೇಳಬೇಡಿ. ಹಲಗೆಯ ಒಂದೊಂದು ಎಳೆ, ಗಂಟು, ನೆರಳು ಎಲ್ಲ ಬಂತು. ಹಿನ್ನೆಲೆಯಲ್ಲಿ ಅವರ ಮನೆಯಿಂದ ಕಾಣದ ಬೆಟ್ಟಗಳು ಬಂದವು. ಅವರು ಸಾಕದ ನಾಯಿಯೊಂದು ಬಂತು. ಆ ಚಿತ್ರದಲ್ಲಿ ಅಕ್ಕ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಾ ನಗುತ್ತಿದ್ದಳು. ನಮ್ಮೂರಿನ ಪೇಪರ್ ಓದುತ್ತಾ ಯಾರಾದರೂ ನಗುತ್ತಾರೆಯೇ? ಉದ್ದ ಅಗಲದ ಅಳತೆ ಮಾತ್ರ ಎಲ್ಲೂ ಇರಲಿಲ್ಲ. ಮರಗೆಲಸದ ಆಚಾರಿಯೊಬ್ಬರು ಬಂದರು. ಪ್ಲಾನನ್ನು ಬಹಳ ಹೊತ್ತು ನೋಡಿ, ಫ್ರೇಮ್ ಹಾಕಿಸಿ ಅಂದರು. ಹಬ್ಬ ಮುಗಿಯಲಿ, ಬರುತ್ತೇನೆ ಎಂದು ಹೇಳಿ ಹೋದರು. ಯಾವ ಹಬ್ಬ ಎಂದು ನಾವು ಕೇಳಿಕೊಳ್ಳಬೇಕಿತ್ತು.

ಕೊನೆಗೆ ಭಾವ ಸ್ವತಃ ಕಟ್ಟುವುದೆಂದು ತೀರ್ಮಾನವಾಯಿತು. ನರಸಿಂಹರಾಜಪುರದ ಕಡೆ ಒಂದು ಹಳೇ ಅಕ್ಕಿ ಗಿರಣಿ ಕೆಡವುತ್ತಿದ್ದರು; ಅದರ ಅಟ್ಟದ ಮತ್ತಿಮರದ ಹಲಗೆಗಳನ್ನು ತಂದರು. ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ತೂತು ಕೊರೆದಾಗಲೆಲ್ಲ ಹಳೇ ತೌಡಿನ ವಾಸನೆ ಬರುತ್ತಿತ್ತು. ವಾಸನೆಗೆ ಇರುವೆ ಬಂದವು, ಇರುವೆಗೆ ಹಕ್ಕಿ ಬಂದವು, ಹಕ್ಕಿಗೆ ಪಕ್ಕದ ಮನೆಯ ಬೆಕ್ಕು ಬಂತು. ಪ್ರತಿ ಭಾನುವಾರ ನಾನೂ ಹೋಗುತ್ತಿದ್ದೆ. ನನ್ನ ಹುದ್ದೆ, ಹಲಗೆಯ ಇನ್ನೊಂದು ತುದಿ ಹಿಡಿಯುವುದು.

ಸಿಮೆಂಟಿನ ಮೇಲೆ ನೇರ ಹಲಗೆ ಹಾಸಿದರೆ ಮರ ಕೊಳೆಯುತ್ತದೆ. ಅದಕ್ಕೆ ಮೊದಲು ದಪ್ಪ ದಪ್ಪ ಅಡ್ಡಪಟ್ಟಿ ಇಟ್ಟು, ಅದರ ಮೇಲೆ ಹಲಗೆ ಕೂರಿಸಬೇಕು. ಇದು ಭಾವನಿಗೆ ಗೊತ್ತಿತ್ತು. ಅಂಗಳದ ನೀರು ಚರಂಡಿಯ ಕಡೆ ಇಳಿಯುತ್ತದೆ ಎಂಬುದೂ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಯೋಚಿಸಿರಲಿಲ್ಲ. ಅಡ್ಡಪಟ್ಟಿಗಳನ್ನು ನೀರಿಗೆ ಅಡ್ಡವಾಗಿಯೇ ಬಿಗಿದರು. ಹೆಸರೇ ಅಡ್ಡಪಟ್ಟಿ ಅಲ್ಲವೇ! ಒಂದು ಅಕಾಲದ ಮಳೆ ಬಂತು ನೋಡಿ, ಹಿತ್ತಲು ಬದು ಹಾಕಿದ ಗದ್ದೆಯಾಯಿತು. ಸಂಜೆಗೆ ಕಪ್ಪೆಗಳು ಬಂದು ಪಾಲು ಹಂಚಿಕೊಂಡವು. ಅಕ್ಕ ಕಿಟಕಿಯಿಂದ ನೋಡಿ, ನಾಟಿಗೆ ಆಳು ಸಿಕ್ಕಿದರೇ ಎಂದು ವಿಚಾರಿಸಿದಳು. ಭಾವ ಎಲ್ಲವನ್ನೂ ಬಿಚ್ಚಿ ಉದ್ದಕ್ಕೆ ತಿರುಗಿಸಿದರು.

ಆಮೇಲೆ ಮಟ್ಟ ನೋಡುವ ಕೆಲಸ. ಗಾರೆಯವರ ರಸಮಟ್ಟ ಇಸಕೊಂಡು ಬರುತ್ತೇನೆ ಅಂದೆ. ಬೇಡ ಎಂದು ಒಂದು ನಿಂಬೆಹಣ್ಣು ತಂದು ಪಟ್ಟಿಗೆ ಹಾಸಿದ ಹಲಗೆಯ ಮೇಲೆ ಇಟ್ಟರು. ಅದು ಉರುಳಿ, ಕಾಂಪೌಂಡಿನ ತೂತಿನಿಂದ ಪಕ್ಕದ ಮನೆಗೆ ಹೋಯಿತು. ಪಕ್ಕದ ಮನೆಯವರು ಒಳ್ಳೆಯವರು, ಗೋಡೆಯ ಮೇಲಿಂದ ವಾಪಸ್ ಕೊಟ್ಟರು. ಕೆಳಗೆ ಚಕ್ಕೆ ತುರುಕಿ ಮತ್ತೆ ಇಟ್ಟರೆ ಮತ್ತೆ ಹೋಯಿತು, ಮತ್ತೆ ಬಂತು. ಸುಮಾರು ಹೊತ್ತಿನ ಮೇಲೆ ನಿಂಬೆಹಣ್ಣು ಬರುವುದು ನಿಂತಿತು. ಭಾವ ಇದನ್ನು ಮಟ್ಟ ಸರಿಯಾದದ್ದಕ್ಕೆ ಸಾಕ್ಷಿ ಎಂದು ತಿಳಿದರು. ಪಕ್ಕದ ಮನೆಯಲ್ಲಿ ಅಂದು ಚಿತ್ರಾನ್ನ ಎಂದು ನನ್ನ ಮೂಗಿಗೇ ಗೊತ್ತಾಯಿತು.

ಹಿಂಬಾಗಿಲಿನ ಕಥೆಯನ್ನು ಹೇಳದಿದ್ದರೆ ಭಾವನಿಗೆ ಅನ್ಯಾಯ ಮಾಡಿದ ಹಾಗೆ. ಒಂದು ಭಾನುವಾರ ನಾವಿಬ್ಬರೂ ಭಾರೀ ಉಮೇದಿನಲ್ಲಿ ಬಾಗಿಲಿನ ತನಕ ಹಲಗೆ ಕೂರಿಸಿ ಸ್ಕ್ರೂ ಬಿಗಿದೆವು. ಒಳಗಿನಿಂದ ಅಕ್ಕ ಚಿಲಕ ತೆಗೆದು ತಳ್ಳಿದಳು. ಬಾಗಿಲು ಅಲ್ಲಾಡಲಿಲ್ಲ. ಅದು ಹೊರಗೆ ತೆರೆಯುವ ಬಾಗಿಲು. ನಮ್ಮ ಹಲಗೆ ಅದರ ಪಾದಕ್ಕಿಂತ ಎತ್ತರದಲ್ಲಿ ಮಲಗಿತ್ತು. ಹಿತ್ತಲಿಗೆ ಹೋಗಲು ಹೆದರುವ ಹೆಂಡತಿಗಾಗಿ ಡೆಕ್ ಕಟ್ಟುತ್ತಾ, ಹಿತ್ತಲಿಗೆ ಹೋಗುವ ಬಾಗಿಲನ್ನೇ ಮುಚ್ಚಿದ ಮನುಷ್ಯ ಇನ್ನೊಬ್ಬರಿದ್ದರೆ ದಯವಿಟ್ಟು ತಿಳಿಸಿ. ಭಾವ ಹಲಗೆ ಬಿಚ್ಚಲು ಒಪ್ಪಲಿಲ್ಲ. ಬಾಗಿಲನ್ನು ಕಳಚಿ ಅದರ ಅಡಿಯನ್ನೇ ಗರಗಸದಲ್ಲಿ ಕೊಯ್ದರು. ಸ್ವಲ್ಪ ಉದಾರವಾಗಿ ಕೊಯ್ದರು. ಅಂದಿನಿಂದ ಪಕ್ಕದ ಮನೆಯ ಬೆಕ್ಕು ಬಾಗಿಲು ಹಾಕಿದ್ದರೂ ಒಳಗೆ ಬಂದು ಹೋಗಿ ಮಾಡುತ್ತದೆ.

ಹಲಗೆಗಳ ನಡುವೆ ನೀರಿಳಿಯಲು ಬೆರಳಷ್ಟು ಸಂದಿ ಬಿಟ್ಟಿದ್ದರಲ್ಲ, ಒಂದು ದಿನ ಸ್ಕೂಟರಿನ ಕೀ ಅದರೊಳಗೆ ಇಳಿಯಿತು. ದಾರಕ್ಕೆ ಅಯಸ್ಕಾಂತ ಕಟ್ಟಿ ಗಾಳ ಹಾಕಿದರು. ಸ್ಕ್ರೂಗಳು ಬಂದವು, ಒಂದು ಹಳೇ ಬಾಟಲಿ ಮುಚ್ಚಳ ಬಂತು, ಕೀ ಬರಲಿಲ್ಲ. ಒಂದು ಹಲಗೆ ಬಿಚ್ಚಿದರೆ ಆಯಿತು ಅಂದೆ. 'ಇಷ್ಟು ಚಂದ ಕೂತಿದ್ದನ್ನು ಬಿಚ್ಚುವುದಾ' ಎಂದು ನೊಂದುಕೊಂಡರು. ಬಾಳೆಹೊನ್ನೂರಿನ ಮದುವೆಗೆ ಬಸ್ಸಿನಲ್ಲಿ ನಿಂತುಕೊಂಡು ಹೋಗಿ ಬಂದರು. ಸ್ಕೂಟರಿನ ಬೀಗವನ್ನೇ ಬದಲಾಯಿಸಿದರು. ಕೀ ಈಗಲೂ ಅಲ್ಲೇ ಇದೆ.

ಇಷ್ಟೆಲ್ಲ ಆಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಂದು ಮೂಲೆ ಉಳಿಯಿತು. ಆ ಭಾನುವಾರ ಹೋದರೆ ಭಾವ ಮುಂದಿನ ವರಾಂಡದಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಮುಂದಿನ ಭಾನುವಾರವೂ ಪೆನ್ಸಿಲ್. ಮೆಷಿನ್ನಿನ ಮೇಲೆ ಗೋಣಿಚೀಲ ಬಿದ್ದಿತ್ತು. ನನಗೆ ಅರ್ಥವಾಯಿತು. ಗೇಟು, ಕಪಾಟು, ಗಡಿಯಾರ, ಈಗ ಡೆಕ್. ಮೂರು ಪಾಲು ಮುಗಿಯಿತಲ್ಲ, ಉಳಿದದ್ದು ಎಂತದು ಮಹಾ ಎಂದು ಭಾವ ಹೇಳುತ್ತಿದ್ದಾಗ ಅಕ್ಕ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಇಷ್ಟು ವರ್ಷದಲ್ಲಿ ಅವಳು ಅವರ ಅರ್ಧ ಕೆಲಸಗಳ ಬಗ್ಗೆ ನಗೆಯಾಡಿದ್ದಳೇ ಹೊರತು ಬೇಸರದಿಂದ ಒಂದು ಮಾತು ಆಡಿದವಳಲ್ಲ. ಅವತ್ತೂ ದನಿ ಏರಿಸಲಿಲ್ಲ.

"ಅರ್ಧ ಬಿಟ್ರೆ ನಾನು ಮತ್ತೆ ಆ ಅರ್ಧದಲ್ಲೇ ಬೀಳೋದು," ಅಂದಳು. ಒಳಗೆ ಹೋದಳು.

ಭಾವ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದರು. ನಾನು ಹಲಗೆಯ ಇನ್ನೊಂದು ತುದಿ ಹಿಡಿದೆ. ಕತ್ತಲಾಗುವ ಮೊದಲು ಮೂಲೆ ಮುಗಿಯಿತು. ಆ ಹೊತ್ತಿನಲ್ಲಿ ಎರಡು ಸಲ ಅವರ ಫೋನು ಬಡಕೊಂಡಿತು, ತೆಗೆಯಲಿಲ್ಲ. ಅವರು ಒಂದು ಕೆಲಸ ಮುಗಿಸಿದ್ದನ್ನು ಕಣ್ಣಾರೆ ಕಂಡ ಏಕೈಕ ವ್ಯಕ್ತಿ ನಾನು.

ಮುಗಿದ ಮೇಲೆ ಗೇರೆಣ್ಣೆ ಬಳಿದರು. ಗೇರು ಸಿಪ್ಪೆಯ ಈ ಎಣ್ಣೆ ಬಳಿದರೆ ಮರಕ್ಕೆ ಗೆದ್ದಲು ಬರುವುದಿಲ್ಲ, ಬಳಿದವರ ಹತ್ತಿರ ಮನುಷ್ಯರೂ ಬರುವುದಿಲ್ಲ. ಡೆಕ್ ಕಪ್ಪಾಯಿತು, ಭಾವ ಕಪ್ಪಾದರು. ಸೀಮೆಎಣ್ಣೆಯಲ್ಲಿ ಪಾದ ತಿಕ್ಕಿಕೊಳ್ಳುವ ತನಕ ಅಕ್ಕ ಒಳಗೆ ಸೇರಿಸಲಿಲ್ಲ. ಅದು ಒಣಗಿ ಗಟ್ಟಿಯಾದ ಮೇಲೆ ನೋಡಿ, ನಾನು ಹೇಳುತ್ತೇನೆ, ಡೆಕ್ ನಿಜವಾಗಿ ಚೆನ್ನಾಗಿತ್ತು. ಆನೆಯ ಸೊಂಡಿಲು ಬರೆದ ಕೈಯಲ್ಲವೇ.

ಅಕ್ಕನೂ ಚೆನ್ನಾಗಿದೆ ಅಂದಳು. ಕಿಟಕಿಯಿಂದ.

ಬೇಸಿಗೆ ಕಳೆಯಿತು, ಅವಳು ಕಾಲಿಡಲಿಲ್ಲ. ಇವತ್ತು ಬಿಸಿಲು, ನಾಳೆ ನೆಂಟರು, ನಾಡಿದ್ದು ಏಕಾದಶಿ. ಮಳೆಗಾಲ ಶುರುವಾಯಿತು. ಆಗ ಭಾವ ಪ್ರಾತ್ಯಕ್ಷಿಕೆ ಶುರು ಮಾಡಿದರು. ಮಳೆ ಒಂಚೂರು ನಿಂತು ಹೊಳವಾದ ಕೂಡಲೇ ಡೆಕ್ಕಿನ ಮೇಲೆ ಹೋಗಿ, ಅಕ್ಕನಿಗೆ ಕಾಣುವ ಹಾಗೆ ಕುಂಡಗಳ ಸಾಲಿನ ಪಕ್ಕದಲ್ಲೇ ಈ ತುದಿಯಿಂದ ಆ ತುದಿಗೆ ನಡೆಯುವುದು. ಮೊದಲು ಚಪ್ಪಲಿ ಹಾಕಿ ನಡೆದರು. ಆಮೇಲೆ ಬರಿಗಾಲಲ್ಲಿ. ಆಮೇಲೆ ಕೊಡ ಹೊತ್ತು. ಆಮೇಲೆ ಹಿಮ್ಮುಖವಾಗಿ. ಪಕ್ಕದ ಮನೆಯವರು ಡಾಕ್ಟರು ಹೇಳಿದ ವ್ಯಾಯಾಮ ಎಂದು ತಿಳಿದು, ಯಾವ ಡಾಕ್ಟರು ಎಂದು ನನ್ನನ್ನು ಗುಟ್ಟಾಗಿ ಕೇಳಿದರು. ಅಕ್ಕ ಪ್ರತಿ ಸಲವೂ ಕಿಟಕಿಯಲ್ಲಿ ನಿಂತು ಪೂರ್ತಿ ನೋಡುತ್ತಿದ್ದಳು. ನೋಡಿ, ಒಲೆಯ ಕಡೆ ತಿರುಗುತ್ತಿದ್ದಳು.

ಒಂದು ಭಾನುವಾರ ಬೆಳಿಗ್ಗೆ ನಾನು ತಿಂಡಿಗೆ ಹೋಗಿದ್ದೆ. ಹನಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಭಾವನಿಗೆ ಅಂದು ಏನನ್ನಿಸಿತೋ, ಪಂಚೆ ಎತ್ತಿ ಕಟ್ಟಿ, ಒಂಟಿಕಾಲಿನಲ್ಲಿ ಕುಂಟುತ್ತಾ ಹೊರಟರು. ಕುಂಟೆಬಿಲ್ಲೆ ಆಡುವ ಮಕ್ಕಳ ಹಾಗೆ. ಅವರ ವಯಸ್ಸು ನಾನು ಹೇಳುವುದಿಲ್ಲ. ಮೊಮ್ಮಕ್ಕಳು ಕುಂಟೆಬಿಲ್ಲೆ ಆಡುವ ವಯಸ್ಸು ದಾಟಿದ್ದಾರೆ ಅಂದರೆ ಸಾಕು. ನಡುವಿನ ತನಕ ಚೆನ್ನಾಗಿಯೇ ಹೋದರು. ಆಮೇಲೆ ದಡ್ ಎಂದು ಒಂದು ಸದ್ದು ಬಂತು.

ನಾನು ಮಣೆಯಿಂದ ಏಳುವಷ್ಟರಲ್ಲಿ ಅಕ್ಕ ನನ್ನ ಪಕ್ಕದಿಂದ ಓಡಿಯಾಗಿತ್ತು. ಕೈಯಲ್ಲಿ ಸಟ್ಟುಗ ಹಾಗೆಯೇ ಇತ್ತು. ನಾನು ಬಾಗಿಲಿಗೆ ಬಂದು ನೋಡುವಾಗ ಅವಳು ಡೆಕ್ಕಿನ ನಟ್ಟನಡುವೆ ಭಾವನ ಹತ್ತಿರ ಬಗ್ಗಿ ನಿಂತಿದ್ದಳು. ಎಲ್ಲಿ ಪೆಟ್ಟಾಯಿತು, ಕೈ ಆಡಿಸಿ ನೋಡಿ ಎಂದು ಕೇಳುತ್ತಿದ್ದಳು. ಭಾವ ಅವಳ ಪಾದಗಳನ್ನೇ ನೋಡುತ್ತಿದ್ದರು.

"ನೀನು ಬರಿಗಾಲಲ್ಲಿ ಬಂದಿದೀಯಲ್ಲೇ," ಅಂದರು.

ಅಕ್ಕ ಕೆಳಗೆ ನೋಡಿದಳು. ಸುತ್ತ ನೋಡಿದಳು. ಒದ್ದೆ ಹಲಗೆ ಎಲ್ಲ ಕಡೆಗೂ ಹೊಳೆಯುತ್ತಿತ್ತು. ಹಿಂದೆ ಬಾಗಿಲು ಎಷ್ಟು ದೂರವಿದೆ ಎಂದು ತಿರುಗಿ ನೋಡಿದವಳ ಮುಖ ಬಿಳಿಚಿಕೊಂಡಿತು. ಭಾವನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಈಗ ನಮ್ಮ ಭಾವ, ನೋಡಿದೆಯಾ ನೀನು ಜಾರಲಿಲ್ಲ, ನನ್ನ ಡೆಕ್ ಹೇಗೆ ಎಂದು ಶುರು ಮಾಡುತ್ತಾರೆ ಎಂದು ನಾನು ಕಾದೆ. ಅವರು ಹಾಗೆ ಅನ್ನಲಿಲ್ಲ.

"ಕೂತ್ಕೋ," ಅಂದರು. "ನಾನೂ ಕೂತೇ ಇದೀನಲ್ಲ."

ಅಕ್ಕ ಅವರ ಹೆಗಲು ಬಿಡದೆ ಮೆಲ್ಲಗೆ ಕೂತಳು. ಸೀರೆ ನೆನೆಯಿತು. ಆಮೇಲೆ ಅಕ್ಕ ಕೈ ಚಾಚಿ, ಹತ್ತಿರದ ಕುಂಡದಿಂದ ಒಂದು ಕಳೆ ಕಿತ್ತಳು. ಇನ್ನೊಂದು ಕಿತ್ತಳು. ಮುಂದಿನ ಕುಂಡ ಎಟುಕಲಿಲ್ಲ. ಕೂತಲ್ಲಿಂದಲೇ ಒಂದಿಷ್ಟು ಜರುಗಿದಳು. ಭಾವನೂ ಅವಳ ಜೊತೆ ಜರುಗಿದರು.

ನಾನು ಟವೆಲ್ ತಂದು, ಹಿಡಿದು ಎಬ್ಬಿಸಲೇ ಎಂದು ಕೇಳಿದೆ.

"ಇರಲಿ ಬಿಡು," ಅಂದಳು ಅಕ್ಕ, ತಿರುಗದೆ. "ಈಗಷ್ಟೇ ಬಂದಿದೀನಿ."

ಅಡುಗೆಮನೆಯಿಂದ ಹೊಗೆಯ ವಾಸನೆ ಬಂತು. ಒಳಗೆ ಹೋದರೆ ಕಾವಲಿಯ ಮೇಲೆ ದೋಸೆ ಸೀದು ಕಪ್ಪಾಗಿತ್ತು. ಅಕ್ಕನ ಕೈಯಲ್ಲಿ ದೋಸೆ ಸೀದದ್ದನ್ನು ನಾನು ಕಂಡದ್ದು ಅದೇ ಮೊದಲು. ಒಲೆ ಆರಿಸಿ, ಅದನ್ನು ಎಬ್ಬಿಸಿ ತಟ್ಟೆಗೆ ಹಾಕಿಕೊಂಡೆ. ಅವರಿಬ್ಬರನ್ನು ಕರೆಯದೆ, ಅಲ್ಲೇ ನಿಂತುಕೊಂಡು, ಪೂರ್ತಿ ತಿಂದೆ.